ಬೆವರು ಬೇರೆ, ಲೆಕ್ಕ ಬೇರೆ

ಮುಕ್ಕಾಲು ಗಂಟೆ ಬಿರುಸಾಗಿ ನಡೆದು ಈಗಷ್ಟೇ ಮನೆಗೆ ಬಂದಿದ್ದೀರಿ ಎಂದುಕೊಳ್ಳಿ. ಅಂಗಿ ಬೆನ್ನಿಗೆ ಅಂಟಿದೆ, ಮೀನಖಂಡ ಸಣ್ಣಗೆ ಸೆಳೆಯುತ್ತಿದೆ. ಈ ನಡಿಗೆಗೆ ನಿಮ್ಮ ದೇಹ ಎಷ್ಟು ಕ್ಯಾಲೊರಿ ಖರ್ಚು ಮಾಡಿರಬಹುದು? ಕೈಗೆ ಕಟ್ಟಿದ ಗಡಿಯಾರ ನೋಡದೆ, ಫೋನ್ ತೆಗೆಯದೆ, ಮನಸ್ಸಿಗೆ ತೋಚಿದ ಒಂದು ಸಂಖ್ಯೆ ಹೇಳಿ. ಶರೀರಕ್ರಿಯಾಶಾಸ್ತ್ರ ಕಲಿಸುವ ನಾನು ಈ ಪ್ರಶ್ನೆಯನ್ನು ವಿದ್ಯಾರ್ಥಿಗಳಿಗೂ ಕೇಳಿದ್ದೇನೆ, ಬೆಳಗಿನ ವಾಕಿಂಗ್ ಗೆಳೆಯರಿಗೂ ಕೇಳಿದ್ದೇನೆ. ಮುನ್ನೂರು ಎನ್ನುತ್ತಾರೆ, ನಾನೂರು ಎನ್ನುತ್ತಾರೆ, ಐನೂರಕ್ಕೆ ಹೋಗುವವರೂ ಇದ್ದಾರೆ. 60 ಕೆ.ಜಿ. ತೂಕದವರು ಮುಕ್ಕಾಲು ಗಂಟೆಯಲ್ಲಿ ನಾಲ್ಕು ಕಿಲೋಮೀಟರ್ ನಡೆದರೆ, ನಡಿಗೆಗೆಂದೇ ಆಗುವ ಹೆಚ್ಚಿನ ಖರ್ಚು ಸುಮಾರು 120 ಕ್ಯಾಲೊರಿ. ಅಷ್ಟು ಹೊತ್ತು ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರೂ ಉಸಿರಾಟಕ್ಕೆ, ಹೃದಯದ ಬಡಿತಕ್ಕೆ, ಮೈಯ ಬಿಸಿಗೆ ಖರ್ಚಾಗುತ್ತಿದ್ದುದನ್ನು ಸೇರಿಸಿದರೂ 170ರ ಆಸುಪಾಸು, ಅಷ್ಟೆ.

ಹೀಗೆ ತಪ್ಪುವವರು ನಮ್ಮೂರಿನವರು ಮಾತ್ರ ಅಲ್ಲ. ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಅದರಲ್ಲಿ ಭಾಗವಹಿಸಿದವರು ಹದಿನಾರು ಜನ. ಯಾರಿಗೂ ಬೊಜ್ಜಿರಲಿಲ್ಲ, ಎಲ್ಲರದೂ ಎತ್ತರಕ್ಕೆ ತಕ್ಕ ತೂಕ. ಒಂದು ದಿನ ಅವರಿಂದ ಸರಿಯಾಗಿ 200 ಕ್ಯಾಲೊರಿ, ಇನ್ನೊಂದು ದಿನ 300 ಕ್ಯಾಲೊರಿ ಖರ್ಚಾಗುವಷ್ಟು ವ್ಯಾಯಾಮ ಮಾಡಿಸಿದರು. ಎಷ್ಟು ಖರ್ಚಾಯಿತೆಂದು ಅವರಿಗೆ ಹೇಳಲಿಲ್ಲ, ಊಹಿಸಿ ಎಂದರು. ಉತ್ತರ ನಿಜಕ್ಕಿಂತ ಮೂರರಿಂದ ನಾಲ್ಕು ಪಟ್ಟು ಹೆಚ್ಚಾಗಿತ್ತು. ಪ್ರಯೋಗ ಅಲ್ಲಿಗೆ ನಿಲ್ಲಲಿಲ್ಲ. ನನಗೆ ಮುಖ್ಯ ಅನ್ನಿಸುವುದು ಅದರ ಮುಂದಿನ ಭಾಗವೇ. ಎದುರಿಗೆ ಬಗೆಬಗೆಯ ತಿಂಡಿ ಇಟ್ಟು, ‘ಈಗ ನೀವು ಖರ್ಚು ಮಾಡಿದ್ದೀರಿ ಅಂತ ಅನ್ನಿಸುವಷ್ಟನ್ನೇ ತಿನ್ನಿ, ಹೆಚ್ಚೂ ಬೇಡ ಕಡಿಮೆಯೂ ಬೇಡ’ ಎಂದರು. ಅವರು ತಿಂದದ್ದು ಖರ್ಚಾದದ್ದರ ಎರಡರಿಂದ ಮೂರು ಪಟ್ಟು. ಅವರೆಲ್ಲ ಹಸಿವು ತಡೆಯದೆ ಮೇಲೆ ಬಿದ್ದು ತಿಂದವರಲ್ಲ. ಲೆಕ್ಕವಿಟ್ಟು, ಎಚ್ಚರದಿಂದ, ಸರಿಸಮ ಮಾಡಲು ಹೊರಟವರು.

ಹದಿನಾರು ಜನರ ಪ್ರಯೋಗ ಸಣ್ಣದು ಎಂದು ಯಾರಾದರೂ ಆಕ್ಷೇಪ ಎತ್ತಬಹುದು, ಆ ಆಕ್ಷೇಪ ನ್ಯಾಯವೇ. ಆದರೆ ಇಷ್ಟು ದೊಡ್ಡ ಅಂತರ ಯಾಕೆ ಬರುತ್ತದೆ ಎಂಬುದಕ್ಕೆ ನಮ್ಮ ದೇಹದ ರಚನೆಯಲ್ಲೇ ಕಾರಣವಿದೆ. ಅದಕ್ಕೆ ಮೊದಲು, ಈ ಖರ್ಚನ್ನು ನಿಜವಾಗಿ ಅಳೆಯುವುದು ಹೇಗೆ ಎಂಬುದನ್ನು ಹೇಳಬೇಕು. ಆ ಕಥೆ ನನಗೆ ತುಂಬ ಪ್ರಿಯವಾದದ್ದು.

1780ರ ದಶಕದಲ್ಲಿ ಪ್ಯಾರಿಸ್‌ನ ಲಾವೋಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿ ಇಲಿಯನ್ನು ಮಂಜುಗಡ್ಡೆ ತುಂಬಿದ ಪಾತ್ರೆಯ ನಡುವಿನ ಗೂಡಿನಲ್ಲಿ ಇಟ್ಟರು. ಇಲಿಯ ಮೈಶಾಖಕ್ಕೆ ಎಷ್ಟು ಮಂಜು ಕರಗಿತೆಂದು ಅಳೆದರು. ಅದು ಬಿಟ್ಟ ಉಸಿರಿನ ಜೊತೆ ಆ ಅಳತೆಯನ್ನು ಹೋಲಿಸಿ, ಉಸಿರಾಟವೆಂದರೆ ನಿಧಾನವಾದ ಒಂದು ಉರಿಯುವಿಕೆ ಎಂಬ ತೀರ್ಮಾನಕ್ಕೆ ಬಂದರು. ಮುಂದೆ ಲಾವೋಸಿಯೆ ತನ್ನ ಸಹೋದ್ಯೋಗಿ ಸೆಗ್ಯಾಂ ಅವರ ಮುಖಕ್ಕೆ ಮುಸುಕು ಕಟ್ಟಿ, ಸುಮ್ಮನೆ ಕೂತಾಗ ಎಷ್ಟು ಆಮ್ಲಜನಕ ಬೇಕು, ಕಾಲಿನಿಂದ ಮೆಟ್ಟುಹಲಗೆ ತುಳಿಯುವಾಗ ಎಷ್ಟು ಬೇಕು ಎಂದು ಅಳೆದರು. ಲಾವೋಸಿಯೆಯ ಹೆಂಡತಿ ಮರಿ ಆನ್ ಆ ಪ್ರಯೋಗದ ಚಿತ್ರ ಬರೆದಿದ್ದಾರೆ. ಚಿತ್ರದ ಒಂದು ಬದಿಗೆ ಮೇಜಿನ ಮುಂದೆ ಕೂತು ಟಿಪ್ಪಣಿ ಬರೆಯುತ್ತಿರುವ ಹೆಂಗಸು ಆಕೆಯೇ. 1794ರಲ್ಲಿ ಫ್ರಾನ್ಸಿನ ಕ್ರಾಂತಿಯ ಬೇಗೆಯಲ್ಲಿ ಲಾವೋಸಿಯೆಯ ತಲೆ ಕಡಿದರು. ವ್ಯಾಯಾಮದ ಖರ್ಚನ್ನು ಉಸಿರಿನಲ್ಲಿ ಓದಬಹುದು ಎಂಬ ಅರಿವು ಆ ಹೊತ್ತಿಗೆ ಜಗತ್ತಿಗೆ ಸಿಕ್ಕಿತ್ತು.

ಅದಾಗಿ ನೂರು ವರ್ಷದ ಮೇಲೆ, ಅಮೆರಿಕದ ಕನೆಟಿಕಟ್ ರಾಜ್ಯದ ಮಿಡಲ್‌ಟೌನ್ ಊರಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಆಟ್‌ವಾಟರ್ ಒಂದು ಪುಟ್ಟ ಕೋಣೆಯನ್ನೇ ಅಳತೆಯ ಯಂತ್ರವಾಗಿ ಮಾಡಿದರು. ಭೌತವಿಜ್ಞಾನಿ ಎಡ್ವರ್ಡ್ ರೋಸಾ ಅವರಿಗೆ ಜೊತೆಯಾಗಿದ್ದರು. ಒಬ್ಬ ಮನುಷ್ಯ ಆ ಕೋಣೆಯೊಳಗೆ ದಿನಗಟ್ಟಲೆ ಇರುತ್ತಿದ್ದ. ಅಲ್ಲೇ ಊಟ, ಅಲ್ಲೇ ನಿದ್ದೆ. ನಿಂತಲ್ಲೇ ತುಳಿಯುವ ಸೈಕಲ್ಲನ್ನೂ ಒಳಗಿಟ್ಟಿದ್ದರು. ಒಳಗೆ ಹೋದ ಆಹಾರ, ಹೊರಗೆ ಬಂದ ಶಾಖ, ಉಸಿರಿದ ಗಾಳಿ, ಎಲ್ಲಕ್ಕೂ ಲೆಕ್ಕ. ಉಂಡದ್ದು ಮತ್ತು ಖರ್ಚಾದದ್ದು ತೀರ ಅಲ್ಪ ವ್ಯತ್ಯಾಸದೊಳಗೆ ತಾಳೆಯಾದವು. ಒಂದು ಗ್ರಾಂ ಪಿಷ್ಟಕ್ಕೆ 4, ಕೊಬ್ಬಿಗೆ 9, ಪ್ರೋಟೀನಿಗೆ 4 ಕ್ಯಾಲೊರಿ ಎಂದು ಇವತ್ತು ಬಿಸ್ಕತ್ತಿನ ಪೊಟ್ಟಣದ ಮೇಲಿನ ಲೆಕ್ಕಕ್ಕೂ ಆಧಾರವಾಗಿರುವ ಅಂಕಿಗಳು ಆಟ್‌ವಾಟರ್ ಕೊಟ್ಟವೇ. ನಾವು ದಿನನಿತ್ಯ ಕ್ಯಾಲೊರಿ ಎನ್ನುವುದು, ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದ ಶಾಖ.

ಈಗ ಅಂಥ ಕೋಣೆಯೇ ಬೇಕೆಂದಿಲ್ಲ. ಮುಖಕ್ಕೆ ಮುಸುಕು ಕಟ್ಟಿ ಉಸಿರನ್ನು ಅಳೆದರೆ ಸಾಕು. ದೇಹ ಒಂದು ಲೀಟರ್ ಆಮ್ಲಜನಕ ಬಳಸಿದರೆ ಹತ್ತಿರ ಹತ್ತಿರ 5 ಕ್ಯಾಲೊರಿ ಖರ್ಚಾಯಿತು ಎಂದರ್ಥ. ನಡಿಗೆಯ ಖರ್ಚಿಗೆ ನಾನು ಮೇಲೆ ಹೇಳಿದ ಅಂಕಿಗಳು ಇಂಥ ಅಳತೆಯಿಂದ ಬಂದವು.

ಇನ್ನು ನಮ್ಮ ಊಹೆಗೆ ಬರೋಣ. ನಮಗೆ ಕಣ್ಣಿದೆ, ಕಿವಿಯಿದೆ, ಚರ್ಮಕ್ಕೆ ಬಿಸಿ ತಣ್ಣಗೆ ತಿಳಿಯುತ್ತದೆ. ಎಷ್ಟು ಶಕ್ತಿ ಖರ್ಚಾಯಿತೆಂದು ತಿಳಿಸುವ ಇಂದ್ರಿಯ ಮಾತ್ರ ಇಲ್ಲ. ಮನೆಯ ಗೋಡೆಯ ಮೇಲೆ ಕರೆಂಟಿನ ಮೀಟರ್ ಇರುತ್ತದಲ್ಲ, ಅಂಥದ್ದು ಮೈಯೊಳಗೆ ಎಲ್ಲೂ ಇಲ್ಲ. ಹಾಗಾಗಿ ಸಿಕ್ಕ ಸುಳಿವನ್ನು ಹಿಡಿದು ಅಂದಾಜು ಮಾಡುತ್ತೇವೆ. ಸಿಗುವ ಸುಳಿವುಗಳು ಮುಖ್ಯವಾಗಿ ಎರಡು, ಬೆವರು ಮತ್ತು ಸುಸ್ತು. ಎರಡೂ ಬೇರೆ ವಿಷಯ ಹೇಳುವ ಸುಳಿವುಗಳು.

ಬೆವರು ಹೇಳುವುದು ಮೈಯ ಬಿಸಿಯನ್ನು ಹೊರಹಾಕುವ ಕೆಲಸ ಎಷ್ಟು ಕಷ್ಟವಾಯಿತು ಎಂಬುದನ್ನು. ಮೇ ತಿಂಗಳಲ್ಲಿ ಮಂಗಳೂರಿನ ಕಡಲ ದಂಡೆಯಲ್ಲಿ ನಾಲ್ಕು ಕಿಲೋಮೀಟರ್ ನಡೆಯಿರಿ, ಅಂಗಿ ಹಿಂಡುವಷ್ಟಾಗುತ್ತದೆ. ಡಿಸೆಂಬರಿನಲ್ಲಿ ಮಡಿಕೇರಿಯ ಮಟ್ಟಸವಾದ ರಸ್ತೆಯಲ್ಲಿ ಅದೇ ವೇಗದಲ್ಲಿ ಅಷ್ಟೇ ದೂರ ನಡೆಯಿರಿ, ಹಣೆ ಒಣಗಿಯೇ ಇರುತ್ತದೆ. ಕಾಲಿನ ಸ್ನಾಯುಗಳು ಮಾಡಿದ ಕೆಲಸ ಎರಡೂ ಕಡೆ ಒಂದೇ, ಖರ್ಚೂ ಹೆಚ್ಚು ಕಡಿಮೆ ಒಂದೇ. ಮಂಗಳೂರಿನ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ, ಆರದ ಬೆವರು ಮೈಯನ್ನು ತಂಪಾಗಿಸುವುದಿಲ್ಲ, ಆದ್ದರಿಂದ ಇನ್ನಷ್ಟು ಬೆವರುತ್ತೇವೆ. ನಡೆದು ಬಂದ ಕೂಡಲೇ ತೂಕದ ಯಂತ್ರ ಹತ್ತಿ ಅರ್ಧ ಕೆ.ಜಿ. ಇಳಿದಿದ್ದೇನೆ ಎಂದು ಹಿಗ್ಗುವವರು ಕಳೆದುಕೊಂಡದ್ದು ನೀರು. ಎರಡು ಲೋಟ ಕುಡಿದರೆ ಅದು ವಾಪಸು ಬರುತ್ತದೆ, ಬರಲೂಬೇಕು. ಬೆವರು ಹೆಚ್ಚು ಬರಲಿ ಎಂದು ಪ್ಲಾಸ್ಟಿಕ್ ಅಂಗಿ ತೊಟ್ಟು ಓಡುವವರನ್ನು ಕಂಡಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ. ಅದರಿಂದ ಕೊಬ್ಬು ಕರಗುವುದಿಲ್ಲ, ಮೈ ಕಾದು ಅಪಾಯವಾಗಬಹುದು.

ಸುಸ್ತಿನ ವಿಷಯ ಇನ್ನೂ ಸೂಕ್ಷ್ಮ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ದಣಿವನ್ನು ಅಂಕಿಯಲ್ಲಿ ಹೇಳುವ ಒಂದು ಅಳತೆಗೋಲು ರೂಪಿಸಿದರು, 6ರಿಂದ 20ರವರೆಗಿನದು. ‘ನನಗೀಗ 13’ ಎಂದು ಹೇಳಿದರೆ ಹೃದಯ ನಿಮಿಷಕ್ಕೆ 130 ಬಾರಿಯ ಆಸುಪಾಸು ಬಡಿಯುತ್ತಿರಬಹುದು ಎಂಬುದು ಅದರ ಹಿಂದಿನ ಎಣಿಕೆ. ಅಂದರೆ ದಣಿವನ್ನು ಅಂದಾಜು ಮಾಡುವುದರಲ್ಲಿ ಮನುಷ್ಯರು ದಡ್ಡರಲ್ಲ. ಆದರೆ ಆ ದಣಿವು ನಮಗಿರುವ ತ್ರಾಣದಲ್ಲಿ ಎಷ್ಟು ಪಾಲು ಬಳಸುತ್ತಿದ್ದೇವೆ ಎಂಬುದನ್ನು ಹೇಳುತ್ತದೆಯೇ ಹೊರತು ಒಟ್ಟು ಎಷ್ಟು ಖರ್ಚಾಯಿತು ಎಂಬುದನ್ನಲ್ಲ. ಒಂದೇ ತೂಕದ ಇಬ್ಬರು, ಒಬ್ಬಳು ದಿನಾ ಓಡುವ ಹುಡುಗಿ, ಇನ್ನೊಬ್ಬರು ಇಪ್ಪತ್ತು ವರ್ಷ ಮೇಜಿನ ಮುಂದೆ ಕೂತು ಕೆಲಸ ಮಾಡಿದ ಗುಮಾಸ್ತರು, ಜೊತೆಯಾಗಿ ಒಂದು ಏರು ಹತ್ತಲಿ. ಗುಮಾಸ್ತರು ಏದುಸಿರು ಬಿಡುತ್ತಾರೆ, ಹುಡುಗಿ ಮಾತಾಡುತ್ತಲೇ ಹತ್ತುತ್ತಾಳೆ. ಕ್ಯಾಲೊರಿಯ ಖರ್ಚು ಇಬ್ಬರಿಗೂ ಸರಿಸುಮಾರು ಒಂದೇ. ರೂಢಿಯಿಲ್ಲದವರಿಗೆ ದಣಿವು ದೊಡ್ಡದು, ಆದ್ದರಿಂದ ಊಹೆಯೂ ದೊಡ್ಡದಾಗುತ್ತದೆ.

ಏರು ಹತ್ತುವ ಮಾತು ಬಂತಲ್ಲ, ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿನ ಲೆಕ್ಕ ಹಾಕೋಣ. ಇದಕ್ಕೆ ಪ್ರಯೋಗಾಲಯ ಬೇಡ, ಹೈಸ್ಕೂಲಿನ ಭೌತಶಾಸ್ತ್ರ ಸಾಕು. 427 ಕೆ.ಜಿ. ಭಾರವನ್ನು ಒಂದು ಮೀಟರ್ ಎತ್ತುವ ಕೆಲಸಕ್ಕೆ ಒಂದು ಕ್ಯಾಲೊರಿ ಶಕ್ತಿ ಸಮ. ಮೆಟ್ಟಿಲ ಬುಡದಿಂದ ಮೇಲಿನವರೆಗೆ ಎತ್ತರ 250 ಮೀಟರ್ ಎಂದು ಹಿಡಿಯಿರಿ. 60 ಕೆ.ಜಿ. ಮೈಯನ್ನು ಅಷ್ಟು ಮೇಲಕ್ಕೆ ಒಯ್ಯುವುದಕ್ಕೆ 35 ಕ್ಯಾಲೊರಿ. ಇಷ್ಟೇನಾ ಎಂದು ಮುಖ ಬಾಡಿಸಿಕೊಳ್ಳಬೇಡಿ. ಸ್ನಾಯುಗಳು ತಾವು ಬಳಸಿದ ಶಕ್ತಿಯಲ್ಲಿ ನಾಲ್ಕನೇ ಒಂದು ಇಲ್ಲವೇ ಐದನೇ ಒಂದು ಪಾಲನ್ನು ಮಾತ್ರ ಕೆಲಸವಾಗಿ ಕೊಡುತ್ತವೆ, ಮಿಕ್ಕದ್ದೆಲ್ಲ ಶಾಖವಾಗಿ ಹೋಗುತ್ತದೆ. ಹಾಗಾಗಿ ನಿಜವಾದ ಖರ್ಚು 140ರಿಂದ 175. ಹರಕೆ ಹೊತ್ತು ಒಂದೊಂದು ಮೆಟ್ಟಿಲಿಗೂ ಕುಂಕುಮ ಹಚ್ಚುತ್ತಾ ಬಾಗಿ ಏಳುವವರಿಗೆ ಇದಕ್ಕಿಂತ ಸಾಕಷ್ಟು ಹೆಚ್ಚಾಗುತ್ತದೆ, ಆ ಮಾತು ಬೇರೆ. ಮಂಡಿ ನಡುಗಿಸಿ, ನಂದಿಯ ಹತ್ತಿರ ಕೂತು ಸುಧಾರಿಸಿಕೊಂಡು, ಮತ್ತೆ ಹತ್ತಿದ ಆ ಬೆಟ್ಟದ ಬೆಲೆ, ಬೆಣ್ಣೆ ಹಾಕಿದ ಒಂದು ಮಸಾಲೆ ದೋಸೆಯ ಅರ್ಧದಷ್ಟೂ ಆಗದೆ ಹೋಗಬಹುದು. ಮೈಯ ಒಂದು ಕೆ.ಜಿ. ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇದೆ. ಕಿಲೋಮೀಟರಿಗೆ 30ರಂತೆ ನಡೆದು ಅದನ್ನು ಕರಗಿಸಬೇಕೆಂದರೆ ಬೆಂಗಳೂರಿನಿಂದ ಮೈಸೂರಿಗೆ ನಡೆದು, ಅಲ್ಲಿಂದ ಮರಳಿ ಬಿಡದಿಯವರೆಗೂ ಬರಬೇಕು.

ನಾವು ಊಹೆಯಲ್ಲಿ ತಪ್ಪಬಹುದು, ಯಂತ್ರ ತಪ್ಪಲಾರದು ಎಂಬ ನಂಬಿಕೆ ಈಗ ಬಲವಾಗಿದೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಆಗ ಮಾರುಕಟ್ಟೆಯಲ್ಲಿದ್ದ ಏಳು ಬಗೆಯ ಕೈಪಟ್ಟಿಗಳನ್ನು 60 ಜನರಿಗೆ ತೊಡಿಸಿ, ನಡೆಸಿ, ಓಡಿಸಿ, ಸೈಕಲ್ ತುಳಿಸಿ, ಉಸಿರಿನ ಅಳತೆಯ ಜೊತೆ ಹೋಲಿಸಿದರು. ಹೃದಯ ಬಡಿತವನ್ನು ಏಳರಲ್ಲಿ ಆರು ಶೇ. 5ರೊಳಗಿನ ತಪ್ಪಿನಲ್ಲಿ ಹೇಳಿದವು. ಮೆಚ್ಚಬೇಕಾದ ಸಾಧನೆ. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾದದ್ದೇ ಸರಾಸರಿ ಶೇ. 27ರಷ್ಟು ತಪ್ಪಿತು, ಎಲ್ಲಕ್ಕಿಂತ ಕೆಟ್ಟದ್ದು ಶೇ. 93ರಷ್ಟು. ಆಮೇಲೆ ಹೊಸ ಹೊಸ ಯಂತ್ರಗಳು ಬಂದಿವೆ. ಆದರೆ ತೊಡಕು ಇರುವ ಜಾಗ ಬದಲಾಗಿಲ್ಲ. ಮಣಿಕಟ್ಟಿನ ಯಂತ್ರಕ್ಕೆ ಆಮ್ಲಜನಕ ಕಾಣುವುದಿಲ್ಲ. ಅದಕ್ಕೆ ಕಾಣುವುದು ನಾಡಿ ಮತ್ತು ಕೈಯ ಅಲುಗಾಟ. ಮಿಕ್ಕದ್ದನ್ನು ಅದು ನಿಮ್ಮ ವಯಸ್ಸು, ತೂಕ, ಎತ್ತರ ಹಿಡಿದು ಸೂತ್ರದಿಂದ ಲೆಕ್ಕ ಹಾಕುತ್ತದೆ. ಗಟ್ಟಿ ಕಾಫಿ ಕುಡಿದರೆ, ಬಿಸಿಲಿದ್ದರೆ, ಮನಸ್ಸಿಗೆ ಗಾಬರಿಯಾಗಿದ್ದರೆ ನಾಡಿ ಏರುತ್ತದೆ, ಸ್ನಾಯು ಹೆಚ್ಚು ಕೆಲಸ ಮಾಡಿರುವುದಿಲ್ಲ.

ಸೂತ್ರಗಳ ಹುಟ್ಟನ್ನು ಕೆದಕಿದರೆ ಇನ್ನೂ ಒಂದು ಸಂಗತಿ ಸಿಗುತ್ತದೆ, ಇದು ನಮಗೆ ನೇರವಾಗಿ ಸಂಬಂಧಪಟ್ಟದ್ದು. ವ್ಯಾಯಾಮದ ಪಟ್ಟಿಗಳಲ್ಲಿ ಪ್ರತಿ ಚಟುವಟಿಕೆಯನ್ನೂ ಸುಮ್ಮನೆ ಕೂತಿರುವ ಖರ್ಚಿನ ಇಷ್ಟು ಪಟ್ಟು ಎಂದು ಹೇಳುವ ರೂಢಿಯಿದೆ. ಕೂತಿರುವ ಖರ್ಚನ್ನು ಕೆ.ಜಿ.ಗೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ ಎಂದು ಹಿಡಿದಿದ್ದಾರೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 769 ಜನರನ್ನು ಅಳೆದು ನೋಡಿದಾಗ ಸರಾಸರಿ ಸಿಕ್ಕಿದ್ದು 2.6 ಮಾತ್ರ. ಹಾಗೆಯೇ ವಿಶ್ರಾಂತಿಯಲ್ಲಿರುವ ದೇಹದ ಖರ್ಚಿಗೆ 1985ರಿಂದ ಜಗತ್ತಿನಾದ್ಯಂತ ಬಳಕೆಗೆ ಬಂದ ಸ್ಕೋಫೀಲ್ಡ್ ಸೂತ್ರಗಳಿವೆಯಲ್ಲ, ಅವುಗಳಿಗೆ ಆಧಾರವಾದ ಅಳತೆಗಳಲ್ಲಿ ಹತ್ತಿರ ಹತ್ತಿರ ಅರ್ಧ ಇಟಲಿಯವರದ್ದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ, ಮಾರಿಯೋ ಸೋರೆಸ್ ಮತ್ತು ಅವರ ಸಂಗಡಿಗರು 1990ರ ದಶಕದ ಆರಂಭದಲ್ಲಿ ನಮ್ಮ ಗಂಡಸರು, ಹೆಂಗಸರನ್ನೇ ಅಳೆದು ನೋಡಿದರು. ಆ ಸೂತ್ರ ಹೇಳುವುದಕ್ಕಿಂತ ನಿಜವಾದ ಖರ್ಚು ಕಡಿಮೆ ಇತ್ತು. ಜಿಮ್ಮಿನ ಯಂತ್ರ ನಿಮ್ಮ ತೂಕವನ್ನೇ ಕೇಳದೆ ಒಂದು ಸಂಖ್ಯೆ ತೋರಿಸಿದರೆ, ಅದು ಯಾರ ಮೈಯ ಖರ್ಚೆಂದು ಕೇಳುವ ಹಕ್ಕು ನಿಮಗಿದೆ.

ಇದೆಲ್ಲ ಕೇಳಿ, ತೂಕ ಇಳಿಸಲು ಹೆಣಗುವವರನ್ನು ಸುಳ್ಳುಗಾರರೆಂದು ಬಗೆಯುವವರಿದ್ದಾರೆ. ಅದು ನನಗೆ ನೋವು ತರುವ ವಿಷಯ. 1992ರಲ್ಲಿ ನ್ಯೂಯಾರ್ಕಿನ ವೈದ್ಯರ ತಂಡವೊಂದು, ದಿನಕ್ಕೆ 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎಂದು ದೂರುತ್ತಿದ್ದ ಸ್ಥೂಲಕಾಯದವರನ್ನು ಪರೀಕ್ಷಿಸಿತು. ತೂಕ ಹೆಚ್ಚಿಸಿದ ಹೈಡ್ರೋಜನ್ ಮತ್ತು ಆಮ್ಲಜನಕ ಇರುವ ನೀರನ್ನು ಕುಡಿಸಿ, ಅವೆರಡೂ ಮೈಯಿಂದ ಹೊರಹೋಗುವ ವೇಗದ ವ್ಯತ್ಯಾಸದಿಂದ ಒಟ್ಟು ಖರ್ಚನ್ನು ಕಂಡುಹಿಡಿಯುವ ವಿಧಾನವಿದೆ. ಈಗ ಬಳಕೆಯಲ್ಲಿರುವ ಅತ್ಯಂತ ನಂಬಿಕಸ್ಥ ವಿಧಾನ ಅದು. ಅದರಿಂದ ನೋಡಿದರೆ ಅವರ ದೇಹದ ಖರ್ಚಿನಲ್ಲಿ ಯಾವ ಐಬೂ ಇರಲಿಲ್ಲ. ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆ ಹೇಳಿದ್ದರು, ದುಡಿಮೆಯನ್ನು ಶೇ. 51ರಷ್ಟು ಹೆಚ್ಚು ಹೇಳಿದ್ದರು. ಅವರು ಬೇಕೆಂದೇ ಸುಳ್ಳು ಹೇಳಿದರೆಂದು ನಾನು ನಂಬುವುದಿಲ್ಲ. ಒಟ್ಟಾವಾದ ಆ ಹದಿನಾರು ಜನ ತೆಳ್ಳಗಿದ್ದವರು, ಮುಚ್ಚಿಡಲು ಅವರಿಗೆ ಏನೂ ಇರಲಿಲ್ಲ, ಆದರೂ ಮೂರು ನಾಲ್ಕು ಪಟ್ಟು ತಪ್ಪಿದರು. ದಪ್ಪಗಿರುವವರು ತಪ್ಪಿದಾಗ ಮಾತ್ರ ಅದನ್ನು ಗುಣದೋಷ ಎನ್ನುವುದು ಅನ್ಯಾಯ.

ಊಹೆ ಯಾವಾಗಲೂ ಒಂದೇ ದಿಕ್ಕಿಗೆ ತಪ್ಪುತ್ತದೆ ಎಂದೂ ಅಲ್ಲ. ‘ವ್ಯಾಯಾಮ ಅಂತ ನಾನೇನೂ ಮಾಡೋದಿಲ್ಲಪ್ಪ’ ಎನ್ನುವ ತಾಯಂದಿರನ್ನು ನೋಡಿ. ಬೆಳಿಗ್ಗೆ ಅಂಗಳ ಗುಡಿಸಿ, ಮನೆಯೆಲ್ಲ ನೆಲ ಒರೆಸಿ, ಬಟ್ಟೆ ಒಗೆದು, ಬಿಂದಿಗೆ ಹೊತ್ತು ತಂದಿರುತ್ತಾರೆ. ಅಂತರರಾಷ್ಟ್ರೀಯ ಪಟ್ಟಿಯೊಂದರ 2011ರ ಆವೃತ್ತಿಯಲ್ಲಿ ನೆಲ ಒರೆಸುವುದಕ್ಕೂ ಗಂಟೆಗೆ ಐದು ಕಿಲೋಮೀಟರಿನ ಆಸುಪಾಸಿನ ನಡಿಗೆಗೂ ಕೊಟ್ಟಿರುವ ಅಂಕಿ ಒಂದೇ, ಕೂತಿರುವುದರ ಮೂರೂವರೆ ಪಟ್ಟು. ಪಾರ್ಕಿನಲ್ಲಿ ನಡೆದವರ ಕೈಪಟ್ಟಿ ಎಣಿಸುತ್ತದೆ, ಮನೆಯಲ್ಲಿ ನೆಲ ಒರೆಸಿದವರ ದುಡಿಮೆಯನ್ನು ಯಾರೂ ಎಣಿಸುವುದಿಲ್ಲ, ಅವರೇ ಎಣಿಸಿಕೊಳ್ಳುವುದಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನ ಜೇಮ್ಸ್ ಲೆವಿನ್ 2005ರಲ್ಲಿ ತೋರಿಸಿದಂತೆ, ಸ್ಥೂಲಕಾಯದವರು ತೆಳ್ಳಗಿರುವವರಿಗಿಂತ ದಿನಕ್ಕೆ ಎರಡು ಗಂಟೆ ಹೆಚ್ಚು ಹೊತ್ತು ಕೂತಿರುತ್ತಿದ್ದರು. ಅವರೂ ತೆಳ್ಳಗಿರುವವರಂತೆ ಎದ್ದು ಓಡಾಡಿದರೆ ದಿನಕ್ಕೆ 350 ಕ್ಯಾಲೊರಿಯಷ್ಟು ಹೆಚ್ಚು ಖರ್ಚಾಗಬಹುದಿತ್ತು. ನಿಂತು, ಓಡಾಡಿ, ಎತ್ತಿಟ್ಟು ಮಾಡುವ ಸಣ್ಣ ಕೆಲಸಗಳೇ ಅಷ್ಟು.

ಇನ್ನೂ ಒಂದು ಮಾತಿದೆ. ಒಂದು ನಡಿಗೆಯ ಖರ್ಚನ್ನು ಕರಾರುವಾಕ್ಕಾಗಿ ಅಳೆದೇ ಬಿಟ್ಟೆವು ಎನ್ನಿ. ಅದಷ್ಟೂ ದಿನದ ಒಟ್ಟು ಖರ್ಚಿಗೆ ಕೂಡುತ್ತದೆಯೇ? 1,754 ಜನರಲ್ಲಿ ಆ ಭಾರದ ನೀರಿನ ವಿಧಾನದಿಂದ ಪಡೆದ ಅಳತೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ, ಸರಾಸರಿ ಶೇ. 28ರಷ್ಟನ್ನು ದೇಹ ಬೇರೆಡೆ ಉಳಿಸಿಕೊಳ್ಳುತ್ತದೆ ಎಂದಿತು. ನೂರು ಖರ್ಚು ಮಾಡಿದಿರಿ ಅಂದುಕೊಂಡರೆ ದಿನದ ಕೊನೆಗೆ ಕೂಡಿದ್ದು 72. ಟಾಂಜಾನಿಯಾದಲ್ಲಿ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ ಹದ್ಜಾ ಜನರನ್ನು ಹರ್ಮನ್ ಪಾಂಟ್ಸರ್ ಮತ್ತು ಸಂಗಡಿಗರು ಅಳೆದಾಗಲೂ, ಮೈಯ ಗಾತ್ರಕ್ಕೆ ಹೊಂದಿಸಿ ನೋಡಿದರೆ ಅವರ ದಿನದ ಖರ್ಚು ನಗರದ ಅಮೆರಿಕನ್ನರಿಗಿಂತ ಗಮನಾರ್ಹವಾಗಿ ಹೆಚ್ಚಿರಲಿಲ್ಲ. 2012ರಲ್ಲಿ ಈ ಫಲಿತಾಂಶ ಬಂದಾಗ ನಮ್ಮ ಕ್ಷೇತ್ರದ ಅನೇಕರು ಬೆರಗಾದರು.

ಹಾಗಾದರೆ ನಡೆಯುವುದೇ ದಂಡವೇ ಎಂದು ಯಾರಾದರೂ ಕೇಳಿದರೆ ನಾನು ಗಟ್ಟಿಯಾಗಿ ಅಲ್ಲ ಎನ್ನುತ್ತೇನೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ರಕ್ತದ ಸಕ್ಕರೆಯ ಏರಿಕೆ ತಗ್ಗುತ್ತದೆ, ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಿಂದ ಗ್ಲೂಕೋಸನ್ನು ಒಳಗೆಳೆದುಕೊಳ್ಳಬಲ್ಲದು. ರಕ್ತದ ಒತ್ತಡ ಇಳಿಯುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ, ಮುಪ್ಪಿನಲ್ಲಿ ಬೀಳದಂತೆ ಕಾಲಿಗೆ ಬಲ ಬರುತ್ತದೆ. ಕ್ಯಾಲೊರಿಯ ಅಂಕಿಯಲ್ಲಿ ಇವು ಯಾವುವೂ ಕಾಣುವುದಿಲ್ಲ. ನಡಿಗೆಯನ್ನು ತಿಂಡಿಯ ಬೆಲೆಗೆ ಲೆಕ್ಕ ಹಾಕಿ ಮಾರುವುದರಿಂದ ಆಗುವ ನಷ್ಟ ಇದೇ. ಸಂಖ್ಯೆ ಸಣ್ಣದೆಂದು ತಿಳಿದ ದಿನ ಜನ ನಡೆಯುವುದನ್ನೇ ಬಿಟ್ಟುಬಿಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಕೊಟ್ಟ ಸಲಹೆಯಲ್ಲಿ ಕ್ಯಾಲೊರಿಯ ಗುರಿ ಇಲ್ಲ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಎಂದಿದೆ.

ಕೈಪಟ್ಟಿ ಕಟ್ಟುವವರಿಗೆ ನನ್ನ ಸಲಹೆ ಇಷ್ಟು. ಅದರಲ್ಲಿ ನಿಮಿಷ ಮತ್ತು ನಾಡಿಬಡಿತ ಕಾಣುವಂತೆ ಇಟ್ಟುಕೊಳ್ಳಿ, ಅವನ್ನು ನಂಬಬಹುದು. ಕ್ಯಾಲೊರಿಯ ಅಂಕಿಯನ್ನು ತೆರೆಯಿಂದ ತೆಗೆಯಲು ಬರುವುದಾದರೆ ತೆಗೆದುಬಿಡಿ. ಖರ್ಚು ತಿಳಿಯಲೇಬೇಕು ಎನ್ನುವವರು, ನಡೆದ ಕಿಲೋಮೀಟರನ್ನು ತಮ್ಮ ತೂಕದಿಂದ ಗುಣಿಸಿ ಅರ್ಧ ಮಾಡಿಕೊಳ್ಳಲಿ. ಓಡಿದ್ದರೆ ಅರ್ಧ ಮಾಡುವುದು ಬೇಡ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ನಡಿಗೆಗೆ ಮೊದಲೋ ಆಮೇಲೋ ಏನು ತಿನ್ನಬೇಕೆಂಬುದನ್ನು ಈ ಲೆಕ್ಕದಿಂದ ತೀರ್ಮಾನಿಸದೆ, ತಮ್ಮ ವೈದ್ಯರನ್ನು ಕೇಳಿಯೇ ತೀರ್ಮಾನಿಸಲಿ.